ಬ್ರಾಡ್ ಸ್ಟ್ರೀಟ್‌ನ ಪಂಪು: ಡಾ. ಜಾನ್ ಸ್ನೋ ಅವರ ಬದುಕು ಮತ್ತು ತರಗತಿಗೆ ಒಂದು ಪ್ರಕರಣ

ಪ್ರಕರಣ ಆಧಾರಿತ ಕಲಿಕೆಯ ಬಗ್ಗೆ ನಾವು ಓದುವಾಗ ಸಿಗುವ ಉದಾಹರಣೆಗಳು ಹೆಚ್ಚಾಗಿ ಕಾನೂನು ಕಾಲೇಜಿನವು, ವೈದ್ಯಕೀಯ ಕಾಲೇಜಿನವು ಅಥವಾ ಮ್ಯಾನೇಜ್‌ಮೆಂಟ್ ಕೋರ್ಸಿನವು. ಎಂಟು-ಒಂಬತ್ತನೇ ತರಗತಿಯ ಮಕ್ಕಳ ಮುಂದೆ ಇಡಬಹುದಾದ, ನಿಜವಾಗಿ ನಡೆದ, ಅಂಕಿಅಂಶಗಳೂ ಪೂರ್ತಿ ದೊರೆಯುವ ಪ್ರಕರಣ ಯಾವುದೆಂದು ಹುಡುಕಿದಾಗ ನನಗೆ ಸಿಕ್ಕವರು ಡಾ. ಜಾನ್ ಸ್ನೋ. ಅವರ ಕಥೆಯನ್ನು ಸಾಮಾನ್ಯವಾಗಿ ನಾಲ್ಕು ಸಾಲಿನಲ್ಲಿ ಮುಗಿಸುತ್ತಾರೆ: ಲಂಡನ್ನಿನಲ್ಲಿ ಕಾಲರಾ ಬಂತು, ಸ್ನೋ ನಕ್ಷೆ ಬರೆದು ಕಾರಣ ಕಂಡುಹಿಡಿದರು, ಪಂಪಿನ ಹಿಡಿಕೆ ತೆಗೆಸಿದರು, ರೋಗ ನಿಂತಿತು. ಇವುಗಳಲ್ಲಿ ಕೊನೆಯ ಸಾಲು ಸರಿಯಲ್ಲ, ಎರಡನೆಯದರಲ್ಲಿ ಹಿಂದುಮುಂದಾಗಿದೆ. ಹೀಗೆ ಹೇಳಿ ಮುಗಿಸಿದರೆ ಮಕ್ಕಳಿಗೆ ಯೋಚಿಸಲು ಏನೂ ಉಳಿಯುವುದಿಲ್ಲ. ಆದ್ದರಿಂದ ಅವರ ಬದುಕನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪಾಠಕ್ಕೆ ಸಂಬಂಧಿಸಿದ ಮಾತುಗಳು ನಡುನಡುವೆ ಬರುತ್ತವೆ.

ಸ್ನೋ ಹುಟ್ಟಿದ್ದು 1813ರ ಮಾರ್ಚ್ 15ರಂದು, ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ. ತಂದೆ ಕಲ್ಲಿದ್ದಲು ದಾಸ್ತಾನಿನ ಅಂಗಳದಲ್ಲಿ ಕೂಲಿ ಮಾಡುತ್ತಿದ್ದವರು. ಒಂಬತ್ತು ಮಕ್ಕಳಲ್ಲಿ ಜಾನ್ ಮೊದಲನೆಯವರು. ಮನೆ ಇದ್ದದ್ದು ಊಸ್ ನದಿಯ ಹತ್ತಿರದ ಬಡವರ ಬೀದಿಯಲ್ಲಿ. ಹದಿನಾಲ್ಕನೇ ವಯಸ್ಸಿಗೆ ಹುಡುಗನನ್ನು ನ್ಯೂಕಾಸಲ್‌ನ ವಿಲಿಯಂ ಹಾರ್ಡ್‌ಕಾಸಲ್ ಎಂಬ ಸರ್ಜನ್ ಬಳಿ ಕೆಲಸ ಕಲಿಯಲು ಬಿಟ್ಟರು. ಆ ಕಾಲದಲ್ಲಿ ಬಡವರ ಮನೆಯ ಹುಡುಗ ವೈದ್ಯನಾಗಬೇಕಾದರೆ ಇದೇ ದಾರಿ. ಗುರುವಿನ ಮನೆಯಲ್ಲೇ ಇದ್ದು, ಔಷಧಿ ಅರೆದು, ರೋಗಿಗಳನ್ನು ನೋಡುತ್ತ ಕಲಿಯಬೇಕು. ಹದಿನೇಳನೇ ವಯಸ್ಸಿನಲ್ಲಿ ಒಂದು ಪುಸ್ತಕ ಓದಿ ಮಾಂಸಾಹಾರ ಬಿಟ್ಟರು. ಮುಂದೆ ಮದ್ಯಪಾನ ವಿರೋಧಿ ಚಳವಳಿಯನ್ನೂ ಸೇರಿದರು.

1831-32ರಲ್ಲಿ ಕಾಲರಾ ಮೊದಲ ಬಾರಿಗೆ ಬ್ರಿಟನ್ನಿಗೆ ಬಂತು. ನಮ್ಮ ಹಳ್ಳಿಗಳಲ್ಲಿ ಹಿರಿಯರು ವಾಂತಿಭೇದಿ ಎಂದು ಕರೆಯುತ್ತಿದ್ದ ರೋಗವೇ ಇದು. 1817ರಿಂದ ಬಂಗಾಳದ ಕಡೆಯಿಂದ ಹೊರಟು ಜಗತ್ತನ್ನು ಸುತ್ತತೊಡಗಿತ್ತು. ಕಿಲ್ಲಿಂಗ್‌ವರ್ತ್ ಎಂಬ ಕಲ್ಲಿದ್ದಲು ಗಣಿ ಊರಿಗೆ ಚಿಕಿತ್ಸೆಗೆಂದು ಹಾರ್ಡ್‌ಕಾಸಲ್ ಕಳಿಸಿದ್ದು ಇನ್ನೂ ಹತ್ತೊಂಬತ್ತು ತುಂಬದ ಈ ಹುಡುಗನನ್ನು. ಗಣಿಯೊಳಗೆ ಶೌಚಕ್ಕೆ ಜಾಗವಿರಲಿಲ್ಲ. ಕೆಲಸಗಾರರು ಎಂಟೊಂಬತ್ತು ಗಂಟೆ ಕೆಳಗೇ ಇದ್ದು, ಕೈತೊಳೆಯದೆ ಬುತ್ತಿ ತಿನ್ನುತ್ತಿದ್ದರು. ಕಾಲರಾ ಕೆಟ್ಟ ಗಾಳಿಯಿಂದ, ಅಂದರೆ ಕೊಳಚೆಯ ದುರ್ವಾಸನೆಯಿಂದ ಬರುತ್ತದೆ ಎಂಬುದು ಆಗಿನ ನಂಬಿಕೆ. ಆದರೆ ನೆಲದಡಿಯ ಗಣಿಯಲ್ಲಿ ಕೊಳೆತ ಚರಂಡಿಯೂ ಇಲ್ಲ, ಜೌಗು ಭೂಮಿಯೂ ಇಲ್ಲ. ಹಾಗಿದ್ದರೂ ಗಣಿಗಾರರೇ ಹೆಚ್ಚು ಸತ್ತರು. ಈ ನೆನಪನ್ನು ಅವರು ಹದಿನೇಳು ವರ್ಷ ಇಟ್ಟುಕೊಂಡು, ಮುಂದೆ ತಮ್ಮ ವಾದದಲ್ಲಿ ಬಳಸಿದರು.

1836ರಲ್ಲಿ ಲಂಡನ್ನಿಗೆ ಹೊರಟರು. ಲಿವರ್‌ಪೂಲ್, ವೇಲ್ಸ್, ಬಾತ್ ಮಾರ್ಗವಾಗಿ ಬಹುಪಾಲು ದಾರಿಯನ್ನು ಕಾಲ್ನಡಿಗೆಯಲ್ಲೇ ಮುಗಿಸಿದರೆಂದು ಅವರ ಸ್ನೇಹಿತರು ದಾಖಲಿಸಿದ್ದಾರೆ. ಗ್ರೇಟ್ ವಿಂಡ್‌ಮಿಲ್ ಸ್ಟ್ರೀಟ್‌ನ ವೈದ್ಯಶಾಲೆಯಲ್ಲಿ ಓದು, ವೆಸ್ಟ್‌ಮಿನ್‌ಸ್ಟರ್ ಆಸ್ಪತ್ರೆಯಲ್ಲಿ ತರಬೇತಿ, 1838ರಲ್ಲಿ ಸರ್ಜನ್ ಪರವಾನಗಿ, 1844ರಲ್ಲಿ ಎಂ.ಡಿ. ಸೋಹೋ ಬಡಾವಣೆಯ ಫ್ರಿತ್ ಸ್ಟ್ರೀಟ್‌ನಲ್ಲಿ ಬಾಡಿಗೆ ಕೊಠಡಿ ಹಿಡಿದು ವೃತ್ತಿ ಶುರುಮಾಡಿದರು. ಮದುವೆಯಾಗಲಿಲ್ಲ.

ಬದುಕಿದ್ದಾಗ ಸ್ನೋ ಅವರಿಗೆ ಹೆಸರು ತಂದದ್ದು ಕಾಲರಾ ಅಲ್ಲ, ಅರಿವಳಿಕೆ. 1846ರ ಕೊನೆಗೆ ಈಥರ್ ಬಳಕೆಯ ಸುದ್ದಿ ಅಮೆರಿಕದಿಂದ ಬಂದಾಗ ಹಲವು ವೈದ್ಯರು ಅಂದಾಜಿನ ಮೇಲೆ ಕೊಡತೊಡಗಿದರು. ಒಬ್ಬ ರೋಗಿ ಏಳುತ್ತಿರಲಿಲ್ಲ, ಇನ್ನೊಬ್ಬನಿಗೆ ಪ್ರಜ್ಞೆಯೇ ತಪ್ಪುತ್ತಿರಲಿಲ್ಲ. ಸ್ನೋ ಮಾತ್ರ ಉಷ್ಣತೆ ಬದಲಾದಂತೆ ಗಾಳಿಯಲ್ಲಿ ಈಥರ್ ಆವಿಯ ಪ್ರಮಾಣ ಎಷ್ಟಾಗುತ್ತದೆ ಎಂದು ಅಳೆದು ಕೋಷ್ಟಕ ಮಾಡಿದರು, ಅದಕ್ಕೆ ತಕ್ಕ ಸಾಧನವನ್ನೂ ರೂಪಿಸಿದರು. 1853ರಲ್ಲಿ ಮತ್ತು 1857ರಲ್ಲಿ ವಿಕ್ಟೋರಿಯಾ ರಾಣಿಯ ಹೆರಿಗೆಗಳಿಗೆ ಕ್ಲೋರೋಫಾರ್ಮ್ ಕೊಟ್ಟವರು ಅವರೇ. ಅನಿಲಗಳು ಹೇಗೆ ಹರಡುತ್ತವೆ, ದೂರ ಹೋದಂತೆ ಹೇಗೆ ತೆಳುವಾಗುತ್ತವೆ ಎಂಬುದನ್ನು ದಿನವೂ ಕೈಯಾರೆ ನೋಡುತ್ತಿದ್ದವರಿಗೆ ದುರ್ವಾಸನೆ ಮೈಲಿಗಟ್ಟಲೆ ಹೋಗಿ ಜನರನ್ನು ಕೊಲ್ಲುತ್ತದೆ ಎಂಬ ವಾದ ಒಪ್ಪಿಗೆಯಾಗದಿದ್ದದ್ದು ಸಹಜ. ಈ ಸಂಬಂಧವನ್ನು ಪಾಠದಲ್ಲಿ ಬಿಡಬಾರದು ಎಂಬುದು ನನ್ನ ಅನಿಸಿಕೆ. ಮಕ್ಕಳು ವಿಸರಣೆಯನ್ನು ಒಂದು ಕಡೆ, ರೋಗಗಳನ್ನು ಇನ್ನೊಂದು ಕಡೆ ಓದುತ್ತಾರೆ. ಒಬ್ಬ ಮನುಷ್ಯನ ತಲೆಯಲ್ಲಿ ಎರಡೂ ಕೂಡಿದ್ದವು.

1848-49ರಲ್ಲಿ ಕಾಲರಾ ಮತ್ತೆ ಬಂತು. ರೋಗ ಶುರುವಾಗುವುದು ಶ್ವಾಸಕೋಶದಲ್ಲಲ್ಲ, ಕರುಳಿನಲ್ಲಿ. ಹಾಗಿದ್ದರೆ ಕಾರಣವಾದ ವಸ್ತು ಬಾಯಿಯ ಮೂಲಕ ಹೋಗಿರಬೇಕು. ರೋಗಿಯ ಮಲದಿಂದ ಕುಡಿಯುವ ನೀರಿಗೆ, ನೀರಿನಿಂದ ಇನ್ನೊಬ್ಬರಿಗೆ ದಾಟುತ್ತಿರಬೇಕು. ಇದು ಅವರ ತರ್ಕ. 1849ರ ಆಗಸ್ಟ್‌ನಲ್ಲಿ ಇದನ್ನೊಂದು ಸಣ್ಣ ಪುಸ್ತಿಕೆಯಾಗಿ ಹೊರತಂದರು. ಸ್ವಾಗತ ಸಪ್ಪೆಯಾಗಿತ್ತು. ತರ್ಕ ಚೆನ್ನಾಗಿದೆ, ಆದರೆ ಪುರಾವೆ ಎಲ್ಲಿ ಎಂಬುದು ಆಕ್ಷೇಪ. ಆಕ್ಷೇಪ ನ್ಯಾಯವಾದದ್ದೇ. ಒಂದೇ ನೀರು ಕುಡಿಯುವವರು ಒಂದೇ ಗಾಳಿಯನ್ನೂ ಉಸಿರಾಡುತ್ತಾರೆ, ಒಂದೇ ಬಡತನದಲ್ಲಿ ಇರುತ್ತಾರೆ. ನೀರನ್ನು ಮಾತ್ರ ಬೇರ್ಪಡಿಸಿ ತೋರಿಸುವುದು ಹೇಗೆ?

ಐದು ವರ್ಷ ಕಾಯಬೇಕಾಯಿತು. 1854ರಲ್ಲಿ ಎರಡು ಅವಕಾಶ ಒಟ್ಟಿಗೇ ಬಂದವು. ಎಲ್ಲರಿಗೂ ಗೊತ್ತಿರುವುದು ಸಣ್ಣದು, ಸೋಹೋದ ಪಂಪಿನದು. ದೊಡ್ಡದು ದಕ್ಷಿಣ ಲಂಡನ್ನಿನದು.

ಸೋಹೋದ್ದನ್ನು ಮೊದಲು ಹೇಳುತ್ತೇನೆ. ಆಗಸ್ಟ್ 31ರ ರಾತ್ರಿ ಬ್ರಾಡ್ ಸ್ಟ್ರೀಟ್ ಸುತ್ತ ರೋಗ ಒಮ್ಮೆಗೇ ಸ್ಫೋಟಿಸಿತು. ಹತ್ತು ದಿನಗಳಲ್ಲಿ ಐನೂರಕ್ಕೂ ಹೆಚ್ಚು ಜನ ಸತ್ತರು, ಒಟ್ಟು ಸಾವು 616. ಸ್ನೋ ಅಲ್ಲಿಗೆ ನಡೆದುಹೋಗುವ ದೂರದಲ್ಲೇ ವಾಸವಾಗಿದ್ದರು. ಅವರು ಮೊದಲು ಮಾಡಿದ್ದು ಜನನ-ಮರಣ ನೋಂದಣಿ ಕಚೇರಿಯಿಂದ ಸತ್ತವರ ಪಟ್ಟಿ ತಂದದ್ದು. ಆ ವಾರದ ಕೊನೆಯ ಮೂರು ದಿನಗಳಲ್ಲಿ ಆ ಭಾಗದಲ್ಲಿ 83 ಸಾವುಗಳಾಗಿದ್ದವು. ಪಟ್ಟಿ ಹಿಡಿದು ಮನೆಮನೆಗೆ ಹೋದರು. ಬಹುತೇಕ ಎಲ್ಲ ಸಾವೂ ಬ್ರಾಡ್ ಸ್ಟ್ರೀಟ್‌ನ ಸಾರ್ವಜನಿಕ ಕೈಪಂಪಿನ ಸಮೀಪವೇ. ಹತ್ತು ಸಾವು ಮಾತ್ರ ಬೇರೆ ಪಂಪಿಗೆ ಹತ್ತಿರವಾದ ಮನೆಗಳಲ್ಲಿ. ವಿಚಾರಿಸಿದಾಗ ಆ ಹತ್ತರಲ್ಲಿ ಐದು ಕುಟುಂಬದವರು ರುಚಿಯೆಂದು ಬ್ರಾಡ್ ಸ್ಟ್ರೀಟ್ ನೀರನ್ನೇ ತರಿಸುತ್ತಿದ್ದರು, ಮೂವರು ಆ ಪಂಪಿನ ಪಕ್ಕದ ಶಾಲೆಗೆ ಹೋಗುತ್ತಿದ್ದ ಮಕ್ಕಳು. ಉಳಿದ 73 ಸಾವುಗಳಲ್ಲಿ 61 ಮಂದಿ ಆ ನೀರು ಕುಡಿದಿದ್ದರು, 6 ಮಂದಿ ಕುಡಿದಿರಲಿಲ್ಲ, 6 ಮಂದಿಯ ಬಗ್ಗೆ ಮಾಹಿತಿ ಸಿಗಲಿಲ್ಲ.

ತರಗತಿಯಲ್ಲಿ ಇಲ್ಲಿ ನಿಲ್ಲಬೇಕು. ಕುಡಿಯದೇ ಸತ್ತ ಆರು ಮಂದಿಯನ್ನು ಏನು ಮಾಡುವುದು? ಬೋಧನಾಭ್ಯಾಸದ ಅವಧಿಯಲ್ಲಿ ನಾನು ಈ ಅಂಕಿಗಳನ್ನು ಕಪ್ಪುಹಲಗೆಯ ಮೇಲೆ ಬರೆದು ಸುಮ್ಮನಾದೆ. ಒಂದು ಗುಂಪು ಸಿದ್ಧಾಂತವೇ ತಪ್ಪು ಎಂದಿತು. ಇನ್ನೊಂದು ಗುಂಪು, ಹೋಟೆಲಿನಲ್ಲಿ ಕುಡಿದಿರಬಹುದು, ಮನೆಯವರಿಗೆ ಗೊತ್ತಿರಲಿಕ್ಕಿಲ್ಲ ಎಂದಿತು. ಆ ನೀರನ್ನು ಸುತ್ತಲಿನ ಹೋಟೆಲು, ಮದ್ಯದಂಗಡಿಗಳಲ್ಲಿ ಬಳಸುತ್ತಿದ್ದರೆಂದು ಸ್ನೋ ಸಹ ಬರೆದಿದ್ದಾರೆ. ಪುರಾವೆ ನೂರಕ್ಕೆ ನೂರು ಇರುವುದಿಲ್ಲ ಎಂಬುದನ್ನು ಮಕ್ಕಳು ತಾವೇ ಮುಟ್ಟಿ ನೋಡುವುದು ಈ ಆರರಲ್ಲಿ. ಪಾಠಯೋಜನೆಯಲ್ಲಿ ಇದಕ್ಕೆ ಐದು ನಿಮಿಷ ಸಾಲದು.

ವಿರುದ್ಧವಾಗಿ ಕಾಣುವ ಮಾಹಿತಿಯನ್ನೇ ಸ್ನೋ ಹುಡುಕಿಕೊಂಡು ಹೋದರು. ಪೋಲೆಂಡ್ ಸ್ಟ್ರೀಟ್‌ನ ಬಡವರ ವಸತಿಗೃಹದ ಸುತ್ತ ಮನೆಗಳಲ್ಲೆಲ್ಲ ಸಾವು. ಒಳಗಿದ್ದ 535 ಜನರಲ್ಲಿ ಸತ್ತವರು ಐದೇ ಮಂದಿ. ಅಲ್ಲಿ ಸ್ವಂತ ಬಾವಿ ಇತ್ತು. ಬ್ರಾಡ್ ಸ್ಟ್ರೀಟ್‌ನಲ್ಲೇ ಇದ್ದ ಬಿಯರ್ ಕಾರ್ಖಾನೆಯ ಎಪ್ಪತ್ತಕ್ಕೂ ಹೆಚ್ಚು ಕೆಲಸಗಾರರಲ್ಲಿ ಒಬ್ಬರೂ ಸಾಯಲಿಲ್ಲ. ಅವರಿಗೆ ಬಿಯರ್ ಪುಕ್ಕಟೆ ಸಿಗುತ್ತಿತ್ತು, ಪಂಪಿನ ನೀರು ಮುಟ್ಟುತ್ತಿರಲಿಲ್ಲ. ಅದೇ ಬೀದಿಯ ಇನ್ನೊಂದು ಕಾರ್ಖಾನೆಯಲ್ಲಿ ಪಂಪಿನ ನೀರನ್ನು ತೊಟ್ಟಿಯಲ್ಲಿ ತುಂಬಿಡುತ್ತಿದ್ದರು, ಅಲ್ಲಿ ಹದಿನೆಂಟು ಮಂದಿ ಸತ್ತರು. ಇವೆಲ್ಲಕ್ಕಿಂತ ಬಲವಾದದ್ದು ಹ್ಯಾಂಪ್‌ಸ್ಟೆಡ್‌ನ ವಿಧವೆಯ ವಿಷಯ. ಆಕೆ ಮೈಲಿಗಳಾಚೆ, ಕಾಲರಾ ಇಲ್ಲದ ಜಾಗದಲ್ಲಿದ್ದರು. ಆದರೆ ಬ್ರಾಡ್ ಸ್ಟ್ರೀಟ್ ನೀರಿನ ರುಚಿಗೆ ಒಗ್ಗಿಹೋಗಿ ದಿನವೂ ಗಾಡಿಯಲ್ಲಿ ಅದನ್ನೇ ತರಿಸುತ್ತಿದ್ದರು. ಆಕೆ ಸತ್ತರು, ನೋಡಲು ಬಂದು ಅದೇ ನೀರು ಕುಡಿದ ಸೋದರ ಸೊಸೆಯೂ ಇಸ್ಲಿಂಗ್ಟನ್‌ಗೆ ಹಿಂದಿರುಗಿ ಸತ್ತರು. ಗಾಳಿ ಬೇರೆ, ಮನೆ ಬೇರೆ, ಬಡಾವಣೆ ಬೇರೆ. ಒಂದೇ ಆಗಿದ್ದದ್ದು ನೀರು.

ಸೆಪ್ಟೆಂಬರ್ 7ರ ಸಂಜೆ ಸ್ನೋ ಸ್ಥಳೀಯ ಆಡಳಿತ ಮಂಡಳಿಯ ಮುಂದೆ ಹೋಗಿ ವಿವರಿಸಿದರು. ಮರುದಿನ, 8ರಂದು, ಪಂಪಿನ ಹಿಡಿಕೆ ತೆಗೆದರು. ನಕ್ಷೆ ಅವರು ಜನರ ಮುಂದಿಟ್ಟದ್ದು ಆ ವರ್ಷದ ಡಿಸೆಂಬರ್‌ನಲ್ಲಿ, ಅಚ್ಚಾದದ್ದು 1855ರ ಪುಸ್ತಕದಲ್ಲಿ. ಅಂದರೆ ಕಾರಣ ತಿಳಿದದ್ದು ಪಟ್ಟಿ ಮತ್ತು ಮನೆಭೇಟಿಗಳಿಂದ. ನಕ್ಷೆ ಅದನ್ನು ಇತರರಿಗೆ ಕಾಣಿಸಲು. ಪ್ರತಿ ಸಾವಿಗೆ ಒಂದು ಕಪ್ಪು ಗೀಟು, ಆಯಾ ಮನೆಯ ಮುಂದೆ ಒಂದರ ಮೇಲೊಂದು. ಸ್ಥಳೀಯ ವಿಚಾರಣಾ ಸಮಿತಿಯ ವರದಿಗೆ ಕೊಟ್ಟ ನಕ್ಷೆಯಲ್ಲಿ ಇನ್ನೊಂದು ಗೆರೆಯೂ ಇದೆ. ಯಾವ ಬಿಂದುಗಳಿಂದ ಬ್ರಾಡ್ ಸ್ಟ್ರೀಟ್ ಪಂಪಿಗೂ ಪಕ್ಕದ ಪಂಪಿಗೂ ರಸ್ತೆಯಲ್ಲಿ ನಡೆಯುವ ದೂರ ಸಮವೋ ಆ ಬಿಂದುಗಳನ್ನು ಸೇರಿಸಿದ ಗೆರೆ. ಲಂಬಾರ್ಧಕ ಕಲಿಸುವ ಗಣಿತದ ಗೆಳೆಯರಿಗೆ ಇದು ಒಳ್ಳೆಯ ವಸ್ತು. ನೇರ ದೂರಕ್ಕೂ ನಡೆಯುವ ದೂರಕ್ಕೂ ಇರುವ ವ್ಯತ್ಯಾಸ ನೀರು ಹೊರುವ ಮನೆಯ ಮಕ್ಕಳಿಗೆ ನಮಗಿಂತ ಬೇಗ ಅರ್ಥವಾಗುತ್ತದೆ.

ಹಿಡಿಕೆ ತೆಗೆದದ್ದರಿಂದ ರೋಗ ನಿಂತಿತೇ? ಸ್ನೋ ಅವರೇ ಪ್ರಕಟಿಸಿದ ಕೋಷ್ಟಕ ಹೀಗಿದೆ: ಹೊಸದಾಗಿ ರೋಗ ತಗಲಿದವರು ಸೆಪ್ಟೆಂಬರ್ 1ರಂದು 143, ನಂತರ ಕ್ರಮವಾಗಿ 116, 54, 46, 36, 20, 28, ಹಿಡಿಕೆ ತೆಗೆದ 8ರಂದು 12, ಆಮೇಲೆ 11, 5. ಗ್ರಾಫ್ ಹಾಕಿದರೆ ರೋಗ ಮೊದಲೇ ಇಳಿದಿತ್ತೆಂಬುದು ಎದ್ದು ಕಾಣುತ್ತದೆ. ಜನ ಊರು ಬಿಟ್ಟು ಓಡಿದ್ದು ಮುಖ್ಯ ಕಾರಣವೆಂದು ಸ್ನೋ ಸ್ವತಃ ಒಪ್ಪಿಕೊಂಡಿದ್ದಾರೆ. ಹಿಡಿಕೆಯಿಂದ ಎಷ್ಟು ಪ್ರಯೋಜನವಾಯಿತೆಂದು ತೀರ್ಮಾನಿಸಲಾಗದು ಎಂದೂ ಹೇಳಿದ್ದಾರೆ. ತನ್ನ ಪರವಾಗಿ ಸುಲಭವಾಗಿ ಹೇಳಿಕೊಳ್ಳಬಹುದಾಗಿದ್ದನ್ನು ಅವರು ಹೇಳಿಕೊಳ್ಳಲಿಲ್ಲ.

ಆದರೆ ಪ್ರಕರಣ ಅಲ್ಲಿಗೆ ಮುಗಿಯುವುದಿಲ್ಲ. ಹೆನ್ರಿ ವೈಟ್‌ಹೆಡ್ ಎಂಬ ಯುವ ಪಾದ್ರಿ ಅಲ್ಲಿನ ಮನೆಗಳನ್ನೆಲ್ಲ ಬಲ್ಲವರು. ಸ್ನೋ ಹೇಳುವುದು ಸುಳ್ಳೆಂದು ತೋರಿಸಲು ಅವರು ತಾವೇ ವಿಚಾರಣೆಗೆ ಇಳಿದರು. ಕೊನೆಗೆ ಸ್ನೋ ಪರವಾದ ಅತಿ ದೊಡ್ಡ ಸಾಕ್ಷಿ ಸಿಕ್ಕಿದ್ದು ಅವರಿಗೇ. ಪಂಪಿನ ಎದುರಿನ 40ನೇ ನಂಬರಿನ ಮನೆಯಲ್ಲಿ ಸ್ಫೋಟಕ್ಕೆ ಕೆಲವು ದಿನ ಮುಂಚೆಯೇ ಒಂದು ಹಸುಗೂಸಿಗೆ ಭೇದಿ ಶುರುವಾಗಿತ್ತು. ತಾಯಿ ಬಟ್ಟೆ ತೊಳೆದ ನೀರನ್ನು ಮನೆಯ ಮುಂದಿನ ಮಲಗುಂಡಿಗೆ ಸುರಿಯುತ್ತಿದ್ದರು. ಅಗೆದು ನೋಡಿದಾಗ ಆ ಗುಂಡಿಗೂ ಬಾವಿಗೂ ನಡುವೆ ಮೂರು ಅಡಿಯೂ ಇರಲಿಲ್ಲ, ಇಟ್ಟಿಗೆಗಳು ಶಿಥಿಲವಾಗಿದ್ದವು. ಮಗು ಸೆಪ್ಟೆಂಬರ್ 2ರಂದು ಸತ್ತಿತು. ಮಗುವಿನ ತಂದೆಗೆ ಕಾಲರಾ ಬಂದದ್ದು ಸೆಪ್ಟೆಂಬರ್ 8ರಂದು, ಹಿಡಿಕೆ ತೆಗೆದ ದಿನವೇ. ಪಂಪು ನಡೆಯುತ್ತಿದ್ದರೆ ಬಾವಿಗೆ ಎರಡನೇ ಸಲ ವಿಷ ಸೇರಿ, ಮರಳಿ ಬರುತ್ತಿದ್ದ ಜನ ಅದನ್ನು ಕುಡಿಯುತ್ತಿದ್ದರು. ಗ್ರಾಫ್ ನೋಡಿ ಹಿಡಿಕೆ ವ್ಯರ್ಥವೆಂದ ಮಕ್ಕಳಿಗೆ ಈ ಹಾಳೆಯನ್ನು ಕೊನೆಯಲ್ಲಿ ಕೊಡಬೇಕು, ಮೊದಲೇ ಅಲ್ಲ.

ಈಗ ದಕ್ಷಿಣ ಲಂಡನ್. ರಸಾಯನಶಾಸ್ತ್ರ ಓದಿದವಳಾಗಿ ನನಗೆ ಇದೇ ಹೆಚ್ಚು ಇಷ್ಟ. ಅಲ್ಲಿ ಎರಡು ಕಂಪನಿಗಳು ಒಂದೇ ಬೀದಿಗಳಲ್ಲಿ ಕೊಳಾಯಿ ಹಾಕಿದ್ದವು. ಅಕ್ಕಪಕ್ಕದ ಮನೆಗಳಿಗೆ ಬೇರೆ ಬೇರೆ ಕಂಪನಿಯ ನೀರು. ಸದರ್ಕ್ ಅಂಡ್ ವಾಕ್ಸ್‌ಹಾಲ್ ಕಂಪನಿ ನೀರೆತ್ತುತ್ತಿದ್ದದ್ದು ಥೇಮ್ಸ್ ನದಿಗೆ ಊರಿನ ಚರಂಡಿ ಸೇರುವ ಭಾಗದಲ್ಲಿ. ಲ್ಯಾಂಬೆತ್ ಕಂಪನಿ 1852ರಲ್ಲಿ ಮೇಲ್ಭಾಗದ ಥೇಮ್ಸ್ ಡಿಟ್ಟನ್‌ಗೆ ಹೋಗಿತ್ತು. ಮೂರು ಲಕ್ಷದಷ್ಟು ಜನ, ಬಡವರು ಬಲ್ಲಿದರು ಎಲ್ಲ ಕಲೆತು, ತಮಗೇ ಗೊತ್ತಿಲ್ಲದೆ ಎರಡು ಗುಂಪಾಗಿದ್ದರು. ಪ್ರಯೋಗ ಮತ್ತು ನಿಯಂತ್ರಿತ ಗುಂಪು ಎಂದು ನಾವು ಸಂಶೋಧನಾ ವಿಧಾನದಲ್ಲಿ ಓದುವುದು ಇಲ್ಲಿ ತಾನಾಗಿ ಏರ್ಪಟ್ಟಿತ್ತು.

ತೊಡಕು ಒಂದೇ: ಬಾಡಿಗೆದಾರರಿಗೆ ತಮ್ಮ ನೀರು ಯಾವ ಕಂಪನಿಯದೆಂದು ಗೊತ್ತಿರಲಿಲ್ಲ. ಖಚಿತ ಉತ್ತರ ಸಿಗದ ಮನೆಗಳಿಂದ ಸ್ನೋ ಸಣ್ಣ ಸೀಸೆಯಲ್ಲಿ ನೀರು ತಂದು ಸಿಲ್ವರ್ ನೈಟ್ರೇಟ್ ಹಾಕಿ ನೋಡಿದರು. ಕೆಳಭಾಗದ ನೀರಿನಲ್ಲಿ ಸಮುದ್ರದ ಭರತ ಮತ್ತು ಚರಂಡಿಯಿಂದ ಬಂದ ಉಪ್ಪು ಗ್ಯಾಲನ್‌ಗೆ 37.9 ಗ್ರೇನ್, ಡಿಟ್ಟನ್ ನೀರಿನಲ್ಲಿ 0.95 ಗ್ರೇನ್ ಮಾತ್ರ. ಒಂದರಲ್ಲಿ ದಟ್ಟ ಬಿಳಿ ಪ್ರಕ್ಷೇಪ, ಇನ್ನೊಂದರಲ್ಲಿ ತೆಳು ಮಬ್ಬು. ಮೊದಲ ಏಳು ವಾರಗಳ ಲೆಕ್ಕ ಹೀಗೆ ಬಂತು. ಸದರ್ಕ್ ಅಂಡ್ ವಾಕ್ಸ್‌ಹಾಲ್‌ನ 40,046 ಮನೆಗಳಲ್ಲಿ 1,263 ಸಾವು. ಲ್ಯಾಂಬೆತ್‌ನ 26,107 ಮನೆಗಳಲ್ಲಿ 98. ಹತ್ತು ಸಾವಿರ ಮನೆಗಳಿಗೆ 315 ಮತ್ತು 37.

ಈ ಭಾಗವನ್ನು ಮಿಶ್ರ ಕಲಿಕೆಗೆ ಅಳವಡಿಸುವುದು ಸುಲಭ. ನಾನು ಮಾಡಿದ ವಿಂಗಡಣೆ ಸರಳ: ಒಬ್ಬರೇ ಕೂತು ನೋಡಬಹುದಾದದ್ದು ಮನೆಗೆ, ನಾಲ್ವರು ಸೇರಿ ಜಗಳವಾಡಬೇಕಾದದ್ದು ತರಗತಿಗೆ. ನಕ್ಷೆಯ ಚಿತ್ರ, ಕೋಷ್ಟಕ, ನನ್ನದೇ ಧ್ವನಿಯಲ್ಲಿ ಆರು ನಿಮಿಷದ ವಿವರಣೆ ವಾಟ್ಸಾಪ್ ಗುಂಪಿಗೆ ಹೋದವು. ನಕ್ಷೆಯನ್ನು ಬೆರಳಿನಿಂದ ಹಿಗ್ಗಿಸಿ ಗೀಟು ಎಣಿಸುವ ಕೆಲಸಕ್ಕೆ ಫೋನು ಕಾಗದಕ್ಕಿಂತ ಅನುಕೂಲ. ಮನೆಯಲ್ಲಿ ಫೋನಿಲ್ಲದವರಿಗೂ, ಅಪ್ಪ ಕೆಲಸದಿಂದ ಬರುವವರೆಗೆ ಫೋನು ಸಿಗದವರಿಗೂ ಅದೇ ಹಾಳೆಗಳ ಜೆರಾಕ್ಸ್ ಕೊಟ್ಟೆ. ಎರಡೂ ಬಗೆಯ ಮಕ್ಕಳು ಪ್ರತಿ ಗುಂಪಿನಲ್ಲೂ ಇರುವಂತೆ ನೋಡಿಕೊಂಡೆ. ಮನೆಗೆ ಕಳಿಸಿದ್ದರಲ್ಲಿ ಊರಿನ ಹೆಸರು, ಸ್ನೋ ಹೆಸರು ಇರಲಿಲ್ಲ. ಹೆಸರು ಕೊಟ್ಟರೆ ಯೂಟ್ಯೂಬ್ ಎರಡು ನಿಮಿಷದಲ್ಲಿ ಉತ್ತರ ಹೇಳಿಬಿಡುತ್ತದೆ, ಮತ್ತೆ ಆ ನಾಲ್ಕು ಸಾಲಿನ ಕಥೆಯೇ. ತರಗತಿಯಲ್ಲಿ ಬಟ್ಟಿ ಇಳಿಸಿದ ನೀರು, ಕೊಳವೆಬಾವಿಯ ನೀರು, ಉಪ್ಪು ಬೆರೆಸಿದ ನೀರು ಮೂರು ಪ್ರನಾಳಗಳಲ್ಲಿಟ್ಟು ಸಿಲ್ವರ್ ನೈಟ್ರೇಟಿನ ಕೆಲವೇ ಹನಿ ಹಾಕಿದರೆ ಸಾಕು. ಹನಿ ಹಾಕುವುದು ಶಿಕ್ಷಕರ ಕೈಯಿಂದಲೇ ಆಗಲಿ; ಚರ್ಮಕ್ಕೆ ತಾಗಿದರೆ ಕಪ್ಪು ಕಲೆ ದಿನಗಟ್ಟಲೆ ಉಳಿಯುತ್ತದೆ. ಇದನ್ನು ವಿಡಿಯೋದಲ್ಲಿ ತೋರಿಸುವುದು ನನಗೆ ಒಪ್ಪಿಗೆಯಿಲ್ಲ. ಉಪ್ಪು ರೋಗ ತರುವುದಿಲ್ಲ, ಅದು ನೀರಿನ ಗುರುತು ಮಾತ್ರ ಎಂಬ ಸೂಕ್ಷ್ಮ ಕಣ್ಣೆದುರು ಪ್ರಯೋಗ ನಡೆದು ಪ್ರಶ್ನೆ ಬಂದಾಗಲೇ ಸ್ಪಷ್ಟವಾಗುವುದು.

ಇಷ್ಟೆಲ್ಲ ಸೇರಿಸಿ 1855ರಲ್ಲಿ ಸ್ನೋ ಪುಸ್ತಕವನ್ನು ವಿಸ್ತರಿಸಿ ಹೊರತಂದರು. ಕೈಯಿಂದ ಹಾಕಿದ ಹಣ ಹಿಂದಿರುಗಲಿಲ್ಲ. ಅದೇ ವರ್ಷ ಸಂಸತ್ತಿನ ಸಮಿತಿಯ ಮುಂದೆ, ಮೂಳೆ ಕುದಿಸುವಂಥ ಕಾರ್ಖಾನೆಗಳ ವಾಸನೆಯಿಂದ ಸಾಂಕ್ರಾಮಿಕ ರೋಗ ಬರುವುದಿಲ್ಲವೆಂದು ಸಾಕ್ಷಿ ನುಡಿದರು. ಲ್ಯಾನ್ಸೆಟ್ ಪತ್ರಿಕೆ ಅವರನ್ನು ಕಟುವಾಗಿ ಅಣಕಿಸಿತು. ನೈರ್ಮಲ್ಯ ಸುಧಾರಕರೆಲ್ಲ ದುರ್ವಾಸನೆಯ ವಿರುದ್ಧ ಹೋರಾಡುತ್ತಿದ್ದಾಗ ಈ ಮಾತು ಕಾರ್ಖಾನೆ ಮಾಲೀಕರ ಪರವಾಗಿ ಕೇಳಿಸಿತು. ಸುಧಾರಕರೂ ಕೆಟ್ಟವರಲ್ಲ. ಕೊಳಕು ತೆಗೆಯಬೇಕೆಂಬ ಅವರ ಹಟ ಸರಿಯಾಗಿತ್ತು, ಕಾರಣ ತಪ್ಪಾಗಿತ್ತು. ಅದೇ ಹಟದಿಂದ ಮನೆಗಳ ಮಲಗುಂಡಿಗಳನ್ನು ಮುಚ್ಚಿಸಿ ಎಲ್ಲವನ್ನೂ ಕುಡಿಯುವ ನದಿಗೆ ಹರಿಸಿದ್ದೂ ಅವರೇ.

1858ರ ಜೂನ್ 10ರಂದು ಕ್ಲೋರೋಫಾರ್ಮ್ ಕುರಿತ ಗ್ರಂಥ ಬರೆಯುತ್ತಿದ್ದಾಗ ಸ್ನೋ ಅವರಿಗೆ ಪಾರ್ಶ್ವವಾಯು ಬಡಿಯಿತು. 16ರಂದು ತೀರಿಕೊಂಡರು. ವಯಸ್ಸು 45. ಲ್ಯಾನ್ಸೆಟ್ ಪ್ರಕಟಿಸಿದ ಪುಟ್ಟ ಶ್ರದ್ಧಾಂಜಲಿಯಲ್ಲಿ ಅರಿವಳಿಕೆಯ ಉಲ್ಲೇಖವಿತ್ತು, ಕಾಲರಾದ್ದು ಇರಲಿಲ್ಲ. ಆ ಬೇಸಿಗೆಯಲ್ಲೇ ಥೇಮ್ಸ್ ನದಿಯ ನಾತ ಸಂಸತ್ ಭವನದೊಳಗೆ ನುಗ್ಗಿತ್ತು. ಬಾಜಲ್ಜೆಟ್ ಎಂಬ ಎಂಜಿನಿಯರ್‌ನ ದೊಡ್ಡ ಒಳಚರಂಡಿ ಯೋಜನೆಗೆ ಹಣ ಮಂಜೂರಾಯಿತು. ಉದ್ದೇಶ ವಾಸನೆ ತೊಲಗಿಸುವುದು. ಫಲವಾಗಿ ಲಂಡನ್ನಿನ ನೀರು ಶುದ್ಧವಾಯಿತು.

ಸ್ನೋ ಅವರಿಗೆ ಅಂಕಿಅಂಶ ಒದಗಿಸಿಯೂ ಸಿದ್ಧಾಂತವನ್ನು ಪೂರ್ತಿ ಒಪ್ಪದಿದ್ದ ವಿಲಿಯಂ ಫಾರ್, 1866ರ ಪೂರ್ವ ಲಂಡನ್ನಿನ ಕಾಲರಾ ಸಮಯದಲ್ಲಿ ಒಂದು ಕಂಪನಿಯ ನೀರಿನ ಮೇಲೇ ನೇರವಾಗಿ ಬೊಟ್ಟು ಮಾಡಿದರು. ಇಟಲಿಯ ಪಚೀನಿ 1854ರಲ್ಲೇ ಸೂಕ್ಷ್ಮದರ್ಶಕದಲ್ಲಿ ರೋಗಾಣುವನ್ನು ಕಂಡಿದ್ದರು, ಯಾರೂ ಗಮನಿಸಿರಲಿಲ್ಲ. 1884ರಲ್ಲಿ ಕಲ್ಕತ್ತೆಯಲ್ಲಿ ರಾಬರ್ಟ್ ಕಾಕ್ ಅದನ್ನು ಬೇರ್ಪಡಿಸಿದರು, ಜನ ಬಳಸುತ್ತಿದ್ದ ಕೆರೆಯ ನೀರಿನಲ್ಲೂ ತೋರಿಸಿದರು. ಬ್ರಾಡ್ ಸ್ಟ್ರೀಟ್‌ಗೆ ಈಗ ಬ್ರಾಡ್‌ವಿಕ್ ಸ್ಟ್ರೀಟ್ ಎಂದು ಹೆಸರು. ಅಲ್ಲಿ ಹಿಡಿಕೆಯಿಲ್ಲದ ಒಂದು ಪಂಪನ್ನು ನಿಲ್ಲಿಸಿದ್ದಾರೆ. ಪಕ್ಕದಲ್ಲೇ ಇರುವ ಮದ್ಯದಂಗಡಿಗೆ ಜಾನ್ ಸ್ನೋ ಹೆಸರಿಟ್ಟಿದ್ದಾರೆ, ಪಾಪ, ಬದುಕಿನ ಬಹುಕಾಲ ಕುಡಿತದಿಂದ ದೂರವಿದ್ದವರ ಹೆಸರು.

ಪಾಠಕ್ಕೆ ಕನಿಷ್ಠ ಮೂರು ಅವಧಿ ಬೇಕು. ಎಂಟನೇ ತರಗತಿಯ ಸೂಕ್ಷ್ಮಜೀವಿಗಳ ಪಾಠದೊಂದಿಗೆ ಹೊಂದುತ್ತದೆ. ಐದು ಹಾಳೆಗಳನ್ನು, ಅಂದರೆ 83 ಸಾವಿನ ಪಟ್ಟಿ, ದಿನವಾರು ಕೋಷ್ಟಕ, ವಸತಿಗೃಹ-ಕಾರ್ಖಾನೆ-ವಿಧವೆಯ ವಿವರ, ಎರಡು ಕಂಪನಿಗಳ ಲೆಕ್ಕ ಮತ್ತು ಕೊನೆಗೆ ಕೊಡಬೇಕಾದ 40ನೇ ಮನೆಯ ಹಾಳೆ, ಒಂದು ಪ್ರತಿ ಮಾಡಿ ನಮ್ಮ ವಿಜ್ಞಾನ ಬೋಧನಾ ಪದ್ಧತಿಯ ಕೊಠಡಿಯ ಕಪಾಟಿನಲ್ಲಿಟ್ಟಿದ್ದೇನೆ. ಮುಂದಿನ ತಂಡದವರು ಬಳಸಿಕೊಳ್ಳಬಹುದು.